ಒಂದೇ ನಡುಮನೆಯ ಇಬ್ಬರು ಬಾಣಂತಿಯರು

ನನ್ನ ಓರಗಿತ್ತಿಯ ಮೇಲೆ ನನಗೆ ಹೊಟ್ಟೆಕಿಚ್ಚು. ಸುತ್ತಿ ಬಳಸಿ ಹೇಳಿ ಪ್ರಯೋಜನವಿಲ್ಲ. ಅವಳ ಮಗು ಗುಂಡುಕಲ್ಲಿನ ಹಾಗಿತ್ತು, ನನ್ನದು ಅಂಗೈಯಲ್ಲಿ ಹಿಡಿಯುವಷ್ಟಿತ್ತು. ಅವಳ ಎದೆಯ ಹಾಲು ರವಿಕೆ ನೆನೆಸಿ ಸೀರೆಗೆ ಇಳಿಯುತ್ತಿತ್ತು, ನನ್ನ ಎದೆ ಒಣಗಿ ಕೂತಿತ್ತು. ಇದನ್ನು ಪಕ್ಕದಲ್ಲೇ ಇಟ್ಟುಕೊಂಡು ಯಾವಳು ತಾನೇ ಸುಮ್ಮನಿದ್ದಾಳು?

ಯುದ್ಧ ನಡೆಯುತ್ತಿದ್ದ ಕಾಲ. ನನ್ನ ತಾಯಿ ತೀರಿಕೊಂಡಿದ್ದರಿಂದ ಚೊಚ್ಚಲ ಬಾಣಂತನಕ್ಕೆ ನನಗೆ ತವರಿರಲಿಲ್ಲ. ಯಲಿಯೂರಿನ ಅತ್ತೆಮನೆಯಲ್ಲೇ ಹೆತ್ತೆ, ಅದೂ ಎಂಟು ತಿಂಗಳಿಗೇ. ಅದಕ್ಕೆ ನಾಲ್ಕು ದಿನ ಮೊದಲು ಓರಗಿತ್ತಿ ಹೆತ್ತಿದ್ದಳು. ಮೂರು ಹೆಣ್ಣಿನ ಮೇಲೆ ಅವಳಿಗೆ ನಾಲ್ಕನೆಯದೂ ಹೆಣ್ಣು. ನನ್ನದು ಗಂಡು. ಸೂಲಗಿತ್ತಿ ಗಂಡು ಎಂದಾಗ ನಾನು ಓರಗಿತ್ತಿಗೆ ಕೇಳಲಿ ಎಂದೇ ಇನ್ನೊಮ್ಮೆ ಕೇಳಿ ಹೇಳಿಸಿಕೊಂಡೆ. ಆ ಜಂಬ ಮೂರು ದಿನವೂ ಉಳಿಯಲಿಲ್ಲ.

ನಮ್ಮಲ್ಲಿ ಇಬ್ಬರು ಬಾಣಂತಿಯರು ಒಬ್ಬರ ಮುಖ ಒಬ್ಬರು ನೋಡಬಾರದು. ನೋಡಿದರೆ ಒಬ್ಬಳ ಹಾಲು ಇನ್ನೊಬ್ಬಳಿಗೆ ಹೋಗುತ್ತದೆ ಎಂದು ನಂಬಿಕೆ. ಇದ್ದ ಒಂದೇ ಬೆಚ್ಚನೆಯ ನಡುಮನೆಗೆ ಅತ್ತೆ ಹಗ್ಗ ಕಟ್ಟಿ, ಹಳೆಯ ಸೀರೆಯೊಂದನ್ನು ಮರೆಗೆ ಇಳಿಬಿಟ್ಟಿದ್ದರು. ಬಟ್ಟೆಗೆ ಪರದಾಡುತ್ತಿದ್ದ ದಿನಗಳು, ಆ ಸೀರೆಯೂ ಅಲ್ಲಲ್ಲಿ ಸವೆದು ಹೋಗಿತ್ತು. ಮೂರನೆಯ ದಿನ ಅತ್ತೆ ಹಿತ್ತಲಿಗೆ ಹೋದಾಗ ನಾನು ಒಂದು ಸವೆದ ಜಾಗಕ್ಕೆ ಕಣ್ಣಿಟ್ಟೆ. ಅವಳ ಮಗು ಚಪ್ಪರಿಸಿಕೊಂಡು ಕುಡಿಯುತ್ತಿತ್ತು. ಅವಳು ಕಣ್ಣು ಮುಚ್ಚಿ ಗೋಡೆಗೆ ಒರಗಿದ್ದಳು. ಸಂಜೆಯ ಹೊತ್ತಿಗೆ ನನ್ನ ಎದೆಯಲ್ಲಿದ್ದ ನಾಲ್ಕು ಹನಿಯೂ ನಿಂತಿತು. ನೋಡಿದ್ದು ನಾನು, ಆದರೂ ಕದ್ದವಳು ಅವಳೇ ಎಂದು ಮನಸ್ಸಿನಲ್ಲೇ ತೀರ್ಮಾನ ಮಾಡಿಬಿಟ್ಟೆ.

ಸಬ್ಬಸಿಗೆ ಸೊಪ್ಪು, ಸುಟ್ಟ ಬೆಳ್ಳುಳ್ಳಿ, ಏನು ತಿಂದರೂ ಹಾಲು ಬರಲಿಲ್ಲ. ಅತ್ತೆ ಮೇಕೆ ಹಾಲಿಗೆ ನೀರು ಬೆರೆಸಿ ಒಳಲೆಯಲ್ಲಿ ಮಗನ ಬಾಯಿಗೆ ಹೊಯ್ದರು. ಕುಡಿದದ್ದಕ್ಕಿಂತ ಕಕ್ಕಿದ್ದೇ ಹೆಚ್ಚು. ಮಗನ ಅಳು ದಿನದಿಂದ ದಿನಕ್ಕೆ ಸಣ್ಣದಾಯಿತು. ಓರಗಿತ್ತಿಯ ಎದೆಗೆ ಹಾಕೋಣ ಎಂದು ಅತ್ತೆ ಎರಡು ಸಲ ಕೇಳಿದರು. ನಾನು ಮಗನನ್ನು ಸೆರಗಿನಲ್ಲಿ ಬಿಗಿಯಾಗಿ ಸುತ್ತಿಕೊಂಡು ಗೋಡೆಯ ಕಡೆಗೆ ತಿರುಗಿದೆ. ಇದ್ದ ಹಾಲೂ ಅವಳದಾಯಿತು, ಇನ್ನು ಮಗನನ್ನೂ ಕೊಡಬೇಕೆ?

ಮಾರನೆಯ ಬೆಳಿಗ್ಗೆ ಅವನು ಒಳಲೆಗೂ ಬಾಯಿ ತೆರೆಯಲಿಲ್ಲ. ಅತ್ತೆ ಬೈಯಲಿಲ್ಲ. ನನ್ನ ಪಕ್ಕದಲ್ಲಿ ಕೂತು ಮೆಲ್ಲಗೆ ಅಂದರು: "ನಿನ್ ಅಟ ಮಡೀಕೊಂಡು ಮಗೀನ ಕಳ್ಕೋಬ್ಯಾಡ ಕಣವ್ವ."

ಅವನ ಅಂಗಾಲು ಮುಟ್ಟಿ ನೋಡಿದೆ. ತಣ್ಣಗಿತ್ತು. ಎದ್ದೆ. ಹಗ್ಗದ ಮೇಲಿನ ಸೀರೆಯನ್ನು ನಾನೇ ಸರಿಸಿ ಆ ಕಡೆಗೆ ಹೋದೆ. ಮಗನನ್ನು ಅವಳ ಕೈಗೆ ಕೊಡುವಾಗ ನಾನು ಅವಳ ಮುಖ ನೋಡಲಿಲ್ಲ. ನನ್ನ ಹಾಲೆಲ್ಲ ನಿನಗೆ ಬಂತಲ್ಲ ಎಂದು ಹೇಳಿದೆ. ಕದ್ದು ನೋಡಿದ್ದನ್ನೂ ಹೇಳಿಬಿಟ್ಟೆ.

ಅವಳು ಮಗನ ತುಟಿಗೆ ಮೊದಲು ಹಾಲು ಹಿಂಡಿದಳು. ಅವನು ನುಂಗಿದ ಮೇಲೆಯೇ ಮಾತಾಡಿದ್ದು. "ನಾನೂ ನೋಡಿವ್ನಿ ಕಣಮ್ಮ, ನಿನ್ ಗಂಡು ಮಗೀನ. ಒಂದಿನ ಅಲ್ಲ, ದಿನಾ. ಅಂಗಾದ್ರೆ ನನ್ ಆಲು ನಿಂಗೆ ಬರಬೇಕಿತ್ತಲ್ಲ?"

ಅವಳು ತನ್ನ ಮಗಳನ್ನು ಕಾಲಿನ ಮೇಲಿನಿಂದ ಎತ್ತಿ ನನ್ನ ಮುಂದೆ ಹಿಡಿದಳು. "ನಿನ್ ಮಗೀಗೆ ಎಳೆಯೋ ಸಕ್ತಿ ಇಲ್ಲ. ಕರು ಬಾಯಾಕ್ದಿದ್ರೆ ಅಸ ಆಲು ಕೊಟ್ಟಾದ? ಇವಳು ಗಟ್ಟಿಗಿತ್ತಿ. ಇವಳ್ನ ತಕೊ."

ಆ ಗುಂಡುಕಲ್ಲನ್ನು ಎದೆಗೆ ಹಾಕಿಕೊಂಡೆ. ಅದರ ಉಬ್ಬಿದ ಕೆನ್ನೆಯನ್ನು ಎಷ್ಟು ಶಪಿಸಿದ್ದೆನೋ. ಬರಿಯ ಎದೆಯನ್ನೇ ಅದು ಬಿಡದೆ ಎಳೆಯಿತು, ಸಿಟ್ಟು ಮಾಡಿತು, ಮತ್ತೆ ಎಳೆಯಿತು. ನೋವಿಗೆ ನನಗೆ ಕಣ್ಣೀರು ಬಂತು. ಹೀಗೆ ದಿನಕ್ಕೆ ಏಳೆಂಟು ಸಲ ಮಕ್ಕಳು ಅದಲುಬದಲಾದವು. ಅತ್ತೆ ಮರೆಯ ಸೀರೆಯನ್ನು ಬಿಚ್ಚಿ, ನಾಲ್ಕು ತುಂಡು ಮಾಡಿ, ಮಕ್ಕಳ ಬಟ್ಟೆಗೆಂದು ಇಬ್ಬರಿಗೂ ಹಂಚಿದರು. ಐದನೆಯ ದಿನ ಆ ಹುಡುಗಿಯ ಬಾಯಿಯ ಅಂಚಿನಲ್ಲಿ ಬೆಳ್ಳಗೆ ಕಂಡಿತು. ನನ್ನ ಹಾಲು.

ಹೊಟ್ಟೆಕಿಚ್ಚು ಅಲ್ಲಿಗೇ ಹೋಯಿತು ಎಂದರೆ ಸುಳ್ಳಾಗುತ್ತದೆ. ಮಗ ಅವಳ ಮಡಿಲಲ್ಲಿ ನಿದ್ದೆ ಹೋದಾಗಲೆಲ್ಲ ನನಗೆ ಒಳಗೆ ಚುಚ್ಚುತ್ತಿತ್ತು. ಅವನಿಗೆ ಕಸುವು ಬಂದು ನನ್ನ ಎದೆಯನ್ನೇ ಎಳೆಯಲು ಕಲಿತ ದಿನ, ಇನ್ನು ನಿನ್ನ ಹಂಗಿಲ್ಲ ಎಂಬಂತೆ ಬೆನ್ನು ತಿರುಗಿಸಿ ಕೂತೆ.

ಅಂದು ಮಧ್ಯಾಹ್ನ ಅವಳ ಮಗಳು ಹಟ ಹಿಡಿಯಿತು. ತಾಯಿ ಎದೆಗೆ ಹಾಕಿದರೆ ಮುಖ ತಿರುಗಿಸುತ್ತಿತ್ತು. ನಾನು ಕೆಮ್ಮಿದೆ. ಆ ಸದ್ದಿಗೆ ಅದು ಅಳು ನಿಲ್ಲಿಸಿ ನನ್ನ ಕಡೆಗೆ ಕತ್ತು ಹೊರಳಿಸಿತು. ನನಗೆ ಖುಷಿಯಾಯಿತು, ಸುಳ್ಳೇಕೆ. ಆಮೇಲೆ ಓರಗಿತ್ತಿಯ ಮುಖ ನೋಡಿದೆ. ತುಟಿ ಕಚ್ಚಿಕೊಂಡು ಮಗಳನ್ನು ಸೆರಗಿನಲ್ಲಿ ಬಿಗಿಯಾಗಿ ಸುತ್ತಿಕೊಳ್ಳುತ್ತಿದ್ದಳು. ಆ ಮುಖ ನನಗೆ ಚೆನ್ನಾಗಿ ಗೊತ್ತಿತ್ತು.

ಅವಳ ಪಕ್ಕಕ್ಕೆ ಸರಿದು ಕೂತೆ. ಅವಳು ಕೇಳುವ ಮೊದಲೇ ನನ್ನ ಮಗನನ್ನು ಅವಳ ಮಡಿಲಿಗೆ ಹಾಕಿ, ಆಮೇಲೆ ಅವಳ ಮಗಳಿಗೆ ಕೈ ನೀಡಿದೆ.