ಜಪಾನಿಗೆ ಹೊತ್ತ ಬುತ್ತಿ

ಜಪಾನಿನಲ್ಲಿ ಇದ್ದಷ್ಟು ದಿನ ನನ್ನ ಬೀಗತಿ ನನಗೆ ಒಂದೂ ಕೆಟ್ಟ ಮಾತು ಆಡಲಿಲ್ಲ. ಅದಕ್ಕೇ ಆಕೆಯನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ಜಗಳ ಆಡುವವರ ಜೊತೆ ಬಾಳಬಹುದು. ಬೆಳಗಾದರೆ ಬಾಗಿ ಬಾಗಿ ನಮಸ್ಕಾರ ಮಾಡುವವರ ಜೊತೆ ಹೇಗೆ ಬಾಳುವುದು?

ನನ್ನ ಮಗಳು ಚಿಕ್ಕೋಡಿಯಲ್ಲಿ ನರ್ಸಿಂಗ್ ಓದಿದವಳು. ಮುದುಕರನ್ನು ನೋಡಿಕೊಳ್ಳುವ ಕೆಲಸಕ್ಕೆಂದು ಆ ದೇಶಕ್ಕೆ ಹೋಗಿ ಅಲ್ಲಿಯವನನ್ನೇ ಮದುವೆಯಾದಳು. ಮದುವೆಯನ್ನು ಹೇಗೋ ನುಂಗಿಕೊಂಡೆವು. ಆದರೆ ಚೊಚ್ಚಿಲ ಹೆರಿಗೆ? ಅದು ತವರಿನಲ್ಲೇ ಆಗಬೇಕು. ಏಳನೇ ತಿಂಗಳಲ್ಲಿ ಬುತ್ತಿ ಕಟ್ಟಿಕೊಂಡು ಹೋಗಿ, ಹಸಿರು ಸೀರೆ ಉಡಿಸಿ ಸೀಮಂತದ ಕುಬಸ ಮಾಡಿ, ಮಗಳನ್ನು ಕರೆದುಕೊಂಡು ಬರುವುದು ಹೆತ್ತವಳ ಕೆಲಸ. ನಮ್ಮ ಐಗಳಿಯಲ್ಲಿ ಕೂಲಿಗೆ ಹೋಗುವವರೂ ಇದನ್ನು ಬಿಡುವುದಿಲ್ಲ. ದ್ರಾಕ್ಷಿ ತೋಟ ಇಟ್ಟುಕೊಂಡ ನಾವು ಬಿಡುತ್ತೇವೆಯೇ?

"ಬ್ಯಾಡಬೇ, ಇಲ್ಲೇ ಆಗ್ಲಿ ಬಿಡು," ಎಂದು ಮಗಳು ಫೋನಿನಲ್ಲಿ ಅಂದಿದ್ದಳು. ಹೆಣ್ಣುಮಕ್ಕಳು ಹಾಗೆ ಅಂತಾರೆ, ಹೆತ್ತವರಿಗೆ ಭಾರ ಆಗಬಾರದೆಂದು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಅಥಣಿಯಲ್ಲಿ ಸೀರೆ, ಬಳೆ ಕೊಂಡೆ. ನಿಪ್ಪಾಣಿಯಿಂದ ನನ್ನ ತಂಗಿ ಬಂದು ಕೂತು ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಗುರೆಳ್ಳು ಚಟ್ನಿ ಮಾಡಿಕೊಟ್ಟಳು. "ಬರೂ ಮುಂದ ಮಗಳನ್ನ ಕರಕೊಂಡ ಬಾ," ಎಂದರು ನನ್ನ ಗಂಡ. ಕರೆದುಕೊಂಡೇ ಬರುತ್ತೇನೆಂದು ನಾನೂ ಊರಿಗೆಲ್ಲ ಹೇಳಿ ಹೊರಟೆ.

ಬುತ್ತಿಯ ಗಂಟು ಬಿಚ್ಚಿದ ದಿನವೇ ನನ್ನ ಮಾನ ಹೋಯಿತು. ಮಗಳು ರೊಟ್ಟಿಯ ಒಂದು ತುಣುಕು ಬಾಯಿಗೆ ಹಾಕಿಕೊಂಡು, ಬೀಗತಿ ಉಪ್ಪಿನಲ್ಲಿ ಹಾಕಿಟ್ಟ ಅದೇನೋ ಕೆಂಪು ಹಣ್ಣಿನ ಬಾಟಲಿ ಎಳೆದುಕೊಂಡಳು. ಹುಣಸೆ ಕೂಡ ನಾಚಬೇಕು, ಅಂಥ ಹುಳಿ. ಅದನ್ನು ಬಿಳಿ ಅನ್ನದ ಮೇಲೆ ಇಟ್ಟುಕೊಂಡು ಕಣ್ಣು ಮುಚ್ಚಿ ತಿಂದಳು.

"ಏನ್ ಮಾಡ್ಲಿಬೇ, ಇದನ್ನ ಬಿಟ್ರ ಬ್ಯಾರೆ ಏನೂ ಒಳಗ ಇಳೀವಲ್ದು."

"ಹೆತ್ತಾಕಿ ಕೈ ರೊಟ್ಟಿ ಇಳೀವಲ್ದು, ಅತ್ತಿ ಕೈ ಉಪ್ಪಿನಕಾಯಿ ಇಳೀತೈತಿ?"

ಬೀಗತಿ ನಕ್ಕಳು. ಏನು ತಿಳಿಯಿತೋ, ಯಾಕೆ ನಕ್ಕಳೋ. ಮರುದಿನ ಬೆಳಿಗ್ಗೆ ನೂಲು ನೂಲಾಗಿ ಎಳೆ ಬಿಡುವ ಕೊಳೆತ ಕಾಳು ಬಂತು, ಜೊತೆಗೆ ಸುಟ್ಟ ಮೀನು. ನಮ್ಮ ಮನೆಯಲ್ಲಿ ಹಳಸಿದ ಕಾಳನ್ನು ದನಕ್ಕೂ ಹಾಕುವುದಿಲ್ಲ. ಮೀನಿನ ಕಡೆ ನಾನು ನೋಡಲಿಲ್ಲ. ಮಗಳ ತಟ್ಟೆಯ ಕಡೆಯೂ ನೋಡಲಿಲ್ಲ.

ಸುಳ್ಳು ಯಾಕೆ ಹೇಳಲಿ, ಸುಟ್ಟ ಗೆಣಸು ಚೆನ್ನಾಗಿತ್ತು. ಒಂದು ಸಂಜೆ ಬೀಗತಿ ಬಿಸಿ ಗೆಣಸು ಸುಲಿದು ಕೈಗೆ ಕೊಟ್ಟಳು. ಅಳಿಯ ಕೆಲಸದಿಂದ ಬರುವುದು ರಾತ್ರಿಗೇ; ಹಿತ್ತಲ ಕಡೆಯ ಹಲಗೆಯ ಮೇಲೆ ನಾವು ಮೂವರೂ ಹೆಂಗಸರು ಕಾಲು ಇಳಿಬಿಟ್ಟು ಕೂತು ತಿಂದೆವು. ಅದು ರುಚಿಯಾಗಿದ್ದಕ್ಕೂ ನನಗೆ ಸಿಟ್ಟು ಬಂತು. ಇನ್ನೊಂದು ಚಾಚಿದಾಗ ಮರ್ಯಾದೆಗೆಂದು ಕೈ ಅಡ್ಡ ಮಾಡಿ "ಬ್ಯಾಡ್ರಿ" ಅಂದೆ. ಮಹಾರಾಯ್ತಿ ಸುಮ್ಮನೆ ಒಳಗೆ ಒಯ್ದುಬಿಟ್ಟಳು! ನಮ್ಮಲ್ಲಿ ಬೀಗರು ಬೇಡ ಅಂದರೆ ಕೈ ಹಿಡಿದು ಬಡಿಸುತ್ತೇವೆ. ಬೇಡ ಅನ್ನುವುದು ಬೀಗರ ಮರ್ಯಾದೆ, ಬಿಡದೆ ಹಾಕುವುದು ಮನೆಯವರ ಮರ್ಯಾದೆ. ಹಾಕಲಿಕ್ಕೆ ಮನಸ್ಸಿಲ್ಲದವರಿಗೆ ಒಂದು 'ಬೇಡ' ಸಾಕು ಅಂದುಕೊಂಡೆ.

ಕುಬಸ ಮಾಡಿದೆ. ಹಾಡುವವರು ಯಾರೂ ಇಲ್ಲ. ನಾನೇ ಹಾಡಿ ನಾನೇ ಆರತಿ ಎತ್ತಿದೆ, ಬೀಗತಿ ಫೋಟೊ ತೆಗೆದಳು. ಆಮೇಲೆ ಬುತ್ತಿಯನ್ನು ಓಣಿಯ ಮನೆಮನೆಗೆ ನಾನೇ ಬೀರಿಬಂದೆ. ಮರುದಿನವೇ ಆ ಮನೆಯವರೆಲ್ಲ ಒಬ್ಬೊಬ್ಬರಾಗಿ ಬಂದರು. ಒಬ್ಬಳು ಸೋಪಿನ ಡಬ್ಬಿ ತಂದಳು, ಇನ್ನೊಬ್ಬಳು ಟವೆಲು, ಮತ್ತೊಬ್ಬಳು ಬಿಸ್ಕೀಟು. ನಮ್ಮಲ್ಲಿ ಬುತ್ತಿ ಉಂಡವರು ಆ ಋಣ ಇಟ್ಟುಕೊಳ್ಳುತ್ತಾರೆ. ಅವರ ಮನೆಗೆ ಬುತ್ತಿ ಬಂದ ದಿನ ನಮಗೆ ಕಳಿಸುತ್ತಾರೆ. ಇವರಿಗೆ ಒಂದು ರೊಟ್ಟಿಯ ಋಣವನ್ನೂ ಒಂದು ರಾತ್ರಿ ಇಟ್ಟುಕೊಳ್ಳುವ ತಾಳ್ಮೆ ಇಲ್ಲ. ಇಂಥವರ ನಡುವೆ ನನ್ನ ಮಗಳು ಬಾಣಂತಿಯಾಗಿ ಮಲಗಬೇಕೇ?

ಬಾ ಅಂದಾಗಲೆಲ್ಲ ಮಗಳು "ಬ್ಯಾಡಬೇ" ಅನ್ನುತ್ತಿದ್ದಳು. ಇದು ಬೀಗತಿ ಕಲಿಸಿದ ಪಾಠ ಎಂದು ನನಗೆ ಖಾತ್ರಿಯಾಗಿತ್ತು. ಮೊಮ್ಮಗು ತನ್ನ ಕಣ್ಣೆದುರೇ ಹುಟ್ಟಲಿ ಎಂಬ ಆಸೆ ಆಕೆಗೆ. ಇನ್ನು ತಡ ಮಾಡಿದರೆ ತುಂಬಿದ ಬಸುರಿಯನ್ನು ವಿಮಾನದವರು ಹತ್ತಿಸಿಕೊಳ್ಳುವುದಿಲ್ಲ. ನಾನು ಹೊರಡುವ ಹಿಂದಿನ ದಿನ ಮಧ್ಯಾಹ್ನ, ಮಗಳು ಮಲಗಿದ್ದಾಗ, ಅಡುಗೆಮನೆಗೆ ನುಗ್ಗಿದೆ. ಭಾಷೆ ಬದಲಿಸುವ ಫೋನು ಬೀಗತಿಯ ಹತ್ತಿರ ಇತ್ತು. ಅದನ್ನು ಬಾಯಿಗೆ ಹಿಡಿದು ಶಾಲೆಯ ಪುಸ್ತಕ ಓದಿದಂತೆ ಬಿಡಿಸಿ ಬಿಡಿಸಿ ಹೇಳಿದೆ: "ನನ್ನ ಮಗಳನ್ನು ಯಾಕೆ ಕಟ್ಟಿಹಾಕಿದ್ದೀರಿ? ಚೊಚ್ಚಿಲ ಹೆರಿಗೆ ತವರಿನಲ್ಲಿ ಆಗಬೇಕು. ಕಳಿಸಿಕೊಡಿ."

ಫೋನು ಅವರ ಭಾಷೆಯಲ್ಲಿ ಏನೋ ಒದರಿತು. ಬೀಗತಿ ಕೈಯೊರೆಸಿಕೊಂಡು, ಫೋನು ಇಸಿದುಕೊಂಡು, ಮೆಲ್ಲಗೆ ಮಾತಾಡಿದಳು. ಫೋನಿನೊಳಗಿನ ಹೆಂಗಸು ಬೆಂಗಳೂರಿನವರ ಹಾಗೆ ಓದಿ ಹೇಳಿದಳು: "ಮೊದಲ ಹೆರಿಗೆಗೆ ತಾಯಿಯ ಮನೆಗೆ ಹೋಗುವುದು ನಮ್ಮಲ್ಲಿಯೂ ಪದ್ಧತಿಯಾಗಿದೆ. ಹೋಗು ಎಂದು ನಾನು ಹೇಳಿದೆ. ಅವಳು ಬೇಡ ಎಂದಳು. ಆದ್ದರಿಂದ ನಾನು ಮತ್ತೆ ಹೇಳಲಿಲ್ಲ."

ಗದ್ದಲಕ್ಕೆ ಎದ್ದು ಬಂದ ಮಗಳು ಬಾಗಿಲಲ್ಲಿ ನಿಂತಿದ್ದಳು.

"ಖರೇನ?" ಅಂದೆ.

"ಖರೆ."

"ಯಾಕ? ನಾ ನಿನಗ ಏನ ಕಡಿಮಿ ಮಾಡೀನಿ?"

"ಕಡಿಮಿ ಅಲ್ಲಬೇ." ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಇಲ್ಲಿ ಒಮ್ಮೆ ಬ್ಯಾಡ ಅಂದ್ರ ಕೇಳ್ತಾರ. ನಿನಗ ನಾ ಎಷ್ಟ ಸಲ ಬ್ಯಾಡ ಅನ್ನಬೇಕು?"

ಬೀಗತಿ ಏನೂ ತಿಳಿಯದೆ ನಮ್ಮಿಬ್ಬರ ಮುಖ ನೋಡುತ್ತಿದ್ದಳು. ಇಷ್ಟು ದಿನ ಬೈದುಕೊಳ್ಳಲಿಕ್ಕೆ ಆಕೆಯಾದರೂ ಇದ್ದಳು. ಈಗ ಉಳಿದವಳು ನನ್ನ ಮಗಳೊಬ್ಬಳೇ, ಅವಳೋ ಬಸುರಿ. ಬಸುರಿಯ ಕಣ್ಣಲ್ಲಿ ನೀರು ತರಿಸಬಾರದೆಂದು ಹಲ್ಲು ಕಚ್ಚಿ ಆ ಸಿಟ್ಟನ್ನೆಲ್ಲ ಹಾಗೇ ಇಟ್ಟುಕೊಂಡೆ, ಮರುದಿನ ಒಬ್ಬಳೇ ವಿಮಾನ ಹತ್ತಿದೆ.