ಬಾಬಿನ್‌ಗೆ ಅಳತೆ

ಟೈಲರಕ್ಕ ಯಾವ ಹೊಸ ಬಟ್ಟೆಗೂ ನೀರಲ್ಲಿ ನೆನೆಸಿ ಒಣಗಿಸದೆ ಕತ್ತರಿ ಹಾಕಿದವಳಲ್ಲ. ಕುಗ್ಗುವಷ್ಟು ಕುಗ್ಗಲಿ, ಆಮೇಲೆ ನೋಡೋಣ ಎನ್ನುವವಳು. ಕಳೆದ ತಿಂಗಳು ತೀರಿಕೊಂಡಳು. ಅವಳ ಮಾತು ಬಂದಾಗಲೆಲ್ಲ ಬೀದಿಯವರು ತೆಗೆಯುವುದು ಬಾಬಿನ್ನಿನ ಕತೆಯನ್ನೇ.

ಬಾಬಿನ್ ಅವಳ ಹೊಲಿಗೆ ಯಂತ್ರದ ಕೆಳಗೆ ಬೆಳೆದ ಹೆಣ್ಣು ನಾಯಿ. ಮರಿಯಾಗಿದ್ದಾಗ ದಾರದ ಬಾಬಿನ್ ಕಚ್ಚಿಕೊಂಡು ಓಡುತ್ತಿದ್ದುದಕ್ಕೆ ಬಂದ ಹೆಸರು. ಮರಿ ಹಾಕದಂತೆ ಅದಕ್ಕೆ ಆಪರೇಷನ್ ಮಾಡಿಸುವುದೇನೋ ಖಾತ್ರಿಯಾಗಿತ್ತು. ಯಾವಾಗ ಎಂಬುದೇ ಪ್ರಶ್ನೆ.

“ಮೊದಲ ಬೆದೆ ಬರೋಕೆ ಮುಂಚೆ ಮಾಡಿಸಿದ್ರೆ ನಿಮಗೆ ತಲೆನೋವಿಲ್ಲ,” ಎಂದರು ಪ್ರಾಣಿಗಳ ಡಾಕ್ಟರಮ್ಮ. “ಆದ್ರೆ ಇದು ದೊಡ್ಡ ಮೈಯ ನಾಯಿ ಆಗೋ ಹಾಗಿದೆ. ಬೆಳೆದು ನಿಲ್ಲೋವರೆಗೆ ಕಾದ್ರೆ ಕೀಲಿಗೆ ಒಳ್ಳೇದು. ಅಷ್ಟರಲ್ಲಿ ಬೆದೆ ಬಂದ್ರೆ ಬಾಗಿಲು ಕಾಯ್ಬೇಕು. ಆಗುತ್ತಾ?”

“ಬೆಳೆದು ನಿಂತಿದೆ ಅಂತ ಹೇಗೆ ಗೊತ್ತಾಗುತ್ತೆ?”

ಕೇಳಿದ ಟೈಲರಕ್ಕನನ್ನೇ ಆ ಪ್ರಶ್ನೆ ಹಿಡಿದುಕೊಂಡಿತು. ಅಂದಿನಿಂದ ಪ್ರತಿ ಭಾನುವಾರ ಟೇಪು ಹೊರಬಂತು. ಎದೆ, ಬೆನ್ನು, ಕುತ್ತಿಗೆ. ಹೊಸ ಕೋಟಿಗೆ ಅಳತೆ ಕೊಡುವ ಗಿರಾಕಿಯಂತೆ ಮುಂಗಾಲೆತ್ತಿ ನಿಲ್ಲುವುದನ್ನು ಬಾಬಿನ್ ಕಲಿತಿತು.

“ಅತ್ತಿಗೆ, ಅದಕ್ಕೇನು ಸೂಟು ಹೊಲೀತೀರಾ?” ಎಂದು ಜೊತೆಗಿದ್ದ ನಾದಿನಿ ಕಾಲೆಳೆದಳು. “ಗಿರಾಕಿಗಳು ಬಾಗಿಲು ತೆರೆದೇ ಬಿಟ್ಟು ಹೋಗ್ತಾರೆ. ಏನಾದ್ರೂ ಎಡವಟ್ಟಾದ್ರೆ ಮರಿಗಳನ್ನ ಯಾರ ಮಡಿಲಿಗೆ ಹಾಕ್ತೀರಾ?”

“ನಿನ್ನ ಮಡಿಲಿಗೇ. ನಿನಗೂ ಒಂದು ಕೆಲಸ ಬೇಡ್ವಾ?”

ಟೇಪಿನ ಅಳತೆ ಇನ್ನೂ ಏರುತ್ತಿರುವಾಗಲೇ ಒಂದು ಬೆಳಿಗ್ಗೆ ಬಿಳಿ ಲೈನಿಂಗ್ ಬಟ್ಟೆಯ ಮೇಲೆ ಕೆಂಪು ಹನಿ ಕಂಡಿತು. ಕಾದು ತಪ್ಪು ಮಾಡಿದೆನೇ? ಟೈಲರಕ್ಕ ನಾಯಿಯನ್ನು ಎತ್ತಿಕೊಂಡು ಆಪರೇಷನ್‌ಗೆ ಓಡಿದಳು.

“ಈಗ ಬೇಡ, ರಕ್ತ ಜಾಸ್ತಿ ಹೋಗುತ್ತೆ. ಬೆದೆ ಮುಗಿದು ಎರಡು ಮೂರು ತಿಂಗಳಾಗಲಿ,” ಎಂದರು ಡಾಕ್ಟರಮ್ಮ.

ಅಂಗಡಿಯ ಮುಂದೆ ಗಂಡು ನಾಯಿಗಳ ದಂಡು ಕೂತಿತು. ಟೈಲರಕ್ಕ ಗಿರಾಕಿಗಳ ಬಟ್ಟೆಯನ್ನು ಕಿಟಕಿಯಿಂದಲೇ ಈಸಿಕೊಂಡಳು. ನೆಲ ಕೊಳೆಯಾಗದಿರಲೆಂದು ಬಾಬಿನ್‌ಗೆ ಚಡ್ಡಿ ಹೊಲಿದಳು. ಅಷ್ಟೆಲ್ಲ ಅಳತೆ ತೆಗೆದವಳು ಬಾಲಕ್ಕೆ ತೂತು ಬಿಡುವುದನ್ನೇ ಮರೆತಿದ್ದಳು! ನಾದಿನಿ ನಕ್ಕು ನಕ್ಕು ಸುಸ್ತಾದಳು. ಆದರೆ ಬಾಗಿಲಿಗೆ ಅಡ್ಡವಾಗಿ ಸ್ಟೂಲು ಹಾಕಿಕೊಂಡು ಕಾವಲು ಕೂತವಳೂ ಅವಳೇ.

ಯಾವ ಎಡವಟ್ಟೂ ಆಗದೆ ಬೆದೆ ಮುಗಿಯಿತು. ಕಾಯುವ ತಿಂಗಳುಗಳು ಕಳೆಯುವಷ್ಟರಲ್ಲಿ ಟೇಪಿನ ಅಳತೆಯೂ ನಿಂತಲ್ಲೇ ನಿಂತಿತು. ಆಪರೇಷನ್ ಆದ ದಿನ ಮಂಪರಿನಲ್ಲಿದ್ದ ನಾಯಿಯ ಹೊಟ್ಟೆಯ ಹೊಲಿಗೆಯನ್ನು ಟೈಲರಕ್ಕ ಬಗ್ಗಿ ಪರೀಕ್ಷಿಸಿದಳು.

“ಡಾಕ್ಟರಮ್ಮ, ನಿಮ್ಮ ಕೈ ಚೆನ್ನಾಗಿದೆ. ಒಳಗಿನ ದಾರ ಯಾರು ಬಿಚ್ಚೋದು?”

“ಅದು ತಾನಾಗೇ ಕರಗುತ್ತೆ.”

“ಕರಗೋ ದಾರನಾ!” ಟೈಲರಕ್ಕ ಕಣ್ಣರಳಿಸಿದಳು. “ಅದರಲ್ಲಿ ಹೊಲಿದು ಕೊಟ್ರೆ ಗಿರಾಕಿ ತಿಂಗಳಿಗೊಮ್ಮೆ ವಾಪಸ್ ಬರ್ತಾರೆ.”

ಬಾಬಿನ್ ಈಗ ನಾದಿನಿಯ ಜೊತೆಗಿದೆ. ಅತ್ತಿಗೆಯ ಸಾಮಾನು ಎತ್ತಿಡುವ ದಿನ ನಾದಿನಿ ಟೇಪನ್ನು ಸುತ್ತಿಡಲೆಂದು ಕೈಗೆತ್ತಿಕೊಂಡಳು. ಯಂತ್ರದ ಕೆಳಗೆ ಮಲಗಿದ್ದ ನಾಯಿ ಎದ್ದು ಬಂದು ಮುಂಗಾಲೆತ್ತಿ ನಿಂತಿತು.

“ಇನ್ನೆಷ್ಟು ಬೆಳೀತೀಯೇ?” ಎನ್ನುತ್ತ ನಾದಿನಿ ಮೊಣಕಾಲೂರಿ ಅದರ ಎದೆಯ ಅಳತೆ ತೆಗೆದಳು.