ಮನೆಗಾಡಿ ಮೇಸ್ತ್ರಿ

ಅವರ ಬಲಗಿವಿಗೆ ಸದಾ ತುಕ್ಕಿನ ಪುಡಿ ಅಂಟಿರುತ್ತಿತ್ತು. ಕಾಮಠಿ ರಸ್ತೆಯ ತಮ್ಮ ಶೆಡ್ಡಿಗೆ ಯಾವ ಗಾಡಿ ಬಂದರೂ ಮೊದಲು ತಗಡಿಗೆ ಕಿವಿ ಹಚ್ಚಿ, ಬೆರಳ ಗೆಣ್ಣಿನಿಂದ ಬಡಿದು ಕೇಳುವರು. ಮಾಲೀಕನ ಮುಖ ನೋಡುವುದು ಆಮೇಲೆ. "ಮಂದಿ ಸುಳ್ಳ ಹೇಳ್ತಾರ, ತಗಡು ಹೇಳಂಗಿಲ್ಲ" ಎನ್ನುವರು. ಹುಬ್ಬಳ್ಳಿ ಕಡೆಯವರು, ನಾಗಪುರದಲ್ಲಿ ಮೂವತ್ತು ವರ್ಷ ಬಸ್ಸು, ವ್ಯಾನುಗಳಿಗೆ ಬಾಡಿ ಕಟ್ಟಿದವರು. ನಾವು ಮೇಸ್ತ್ರಿ ಎಂದೇ ಕರೆಯುತ್ತಿದ್ದೆವು.

ಹಳೆಯ ವ್ಯಾನಿನೊಳಗೆ ಮಂಚ, ಒಲೆ, ನೀರಿನ ಟಾಕಿ ಕೂಡಿಸಿಕೊಂಡು ಊರೂರು ತಿರುಗುವ ಹುಚ್ಚು ನನಗೂ ನಮ್ಮ ಯಜಮಾನರಿಗೂ ಹಿಡಿದದ್ದು ಎರಡು ಸಾವಿರದ ಇಸವಿಯ ಆಚೀಚೆ. ಅಂಥ ಮನೆಗಾಡಿ ಇದ್ದವರೆಲ್ಲ ಸೇರಿ ಇಂಟರ್ನೆಟ್ಟಿನಲ್ಲಿ ಒಂದು ಗುಂಪು ಮಾಡಿಕೊಂಡೆವು. ಬ್ಯಾಂಕಿನ ಕೆಲಸ ಮುಗಿಸಿ ಬಂದು ಅದನ್ನು ನಡೆಸುತ್ತಿದ್ದವಳು ನಾನು. ಗಾಡಿ ಕಟ್ಟುವವರು, ಬ್ಯಾಟರಿ ಮಾರುವವರು ಉತ್ತರ ಕೊಟ್ಟರೆ ತಾನೇ ಗುಂಪು ಉಳಿಯುವುದು? ಅವರೋ, ಜಾಹೀರಾತು ಹಾಕಿ ಮಾಯ. ಬೇಸತ್ತ ಸದಸ್ಯರು ಒಬ್ಬೊಬ್ಬರೇ ಜಾರತೊಡಗಿದ್ದರು.

ಮೇಸ್ತ್ರಿಯನ್ನು ಮಾತ್ರ ನಾನು ಬಿಡಲಿಲ್ಲ. ಅವರಿಗೆ ಕಂಪ್ಯೂಟರ್ ಬಾರದು. ಪ್ರತಿ ಶನಿವಾರ ಪ್ರಶ್ನೆಗಳನ್ನು ಪ್ರಿಂಟ್ ತೆಗೆದು ಒಯ್ದು ಓದುತ್ತಿದ್ದೆ, ಹೇಳಿದ್ದನ್ನು ಅವರ ಹೆಸರಿನಲ್ಲಿ ಬರೆಯುತ್ತಿದ್ದೆ. "ಕಿವಿ ಹಚ್ಚಿ ಕೇಳದ ಗಾಡಿಗೆ ಏನ್ ಹೇಳ್ಲಿ ಅಕ್ಕಾರ?" ಎಂದು ಗೊಣಗುತ್ತಲೇ ಚಹಾ ತರಿಸುವರು.

ಒಂದು ಶನಿವಾರ ಅಮರಾವತಿಯ ಸದಸ್ಯರೊಬ್ಬರ ಪ್ರಶ್ನೆ ಓದಿದೆ. ಹೆದ್ದಾರಿಯಲ್ಲಿ ವೇಗ ಹೆಚ್ಚಿದರೆ ಸ್ಟೇರಿಂಗ್ ಹಗುರಾಗಿ ಗಾಡಿ ಹಿಡಿತ ತಪ್ಪುತ್ತದೆ, ಮುಂದಿನ ವಾರ ಮಕ್ಕಳೊಂದಿಗೆ ಹೊರಡಬೇಕು, ಏನು ಮಾಡಲಿ? ಎಲ್ಲರೂ ಟೈರು ಬದಲಿಸಿ ಎಂದಿದ್ದರು. ಕೆಳಗಿದ್ದ ಆ ಸದಸ್ಯರ ಹೆಸರು ಓದಿದ್ದೇ ಮೇಸ್ತ್ರಿ ಲೋಟ ಕೆಳಗಿಟ್ಟರು.

"ಆ ಗಾಡಿ ನಾನ ಕಟ್ಟಿದ್ದು. ಒಳಗ ಜಾಗ ಉಳೀಲಿ ಅಂತ ನೀರಿನ ಟಾಕಿ ಹಿಂದಿನ ಗಾಲಿಗಿಂತ ಹಿಂದ ಕೂಡಿಸೀನಿ. ಟಾಕಿ ತುಂಬಿದ್ರ ಮುಂದಿನ ಗಾಲಿ ಮ್ಯಾಲ ಬರೋಬರ್ ವಜನ್ ಬೀಳಂಗಿಲ್ಲ. ತಪ್ಪು ನಂದ ಐತಿ. ಬರೀರಿ."

ನಾನು ಪೆನ್ನಿನ ಮುಚ್ಚಳ ಹಾಕಿದೆ. ಗುಂಪಿನಲ್ಲಿ ಬಾಯಿಬಿಡುತ್ತಿದ್ದ ಕಸುಬುದಾರರು ಅವರೊಬ್ಬರೇ. ಅವರ ಹೆಸರು ಕೆಟ್ಟರೆ ಉಳಿದವರು ಈ ಕಡೆ ತಲೆ ಹಾಕಿಯೂ ಮಲಗುವುದಿಲ್ಲ. "ಅವರೊಬ್ಬರಿಗೆ ಫೋನ್ ಮಾಡಿ ಹೇಳಿಬಿಡೋಣ ಮೇಸ್ತ್ರಿ. ಊರಿಗೆಲ್ಲ ಯಾಕೆ?" ಎಂದೆ.

"ಹಂಗ ಕಟ್ಟಿದ್ದು ಇನ್ನೂ ನಾಕು ಗಾಡಿ ಅದಾವ. ಒಬ್ಬರು ಇನ್ನೊಬ್ಬರಿಗೆ ಮಾರಿ, ಈಗ ಯಾರ ಹತ್ರ ಅದಾವೋ ಯಾರಿಗ್ಗೊತ್ತು. ನಿಮ್ಮ ಗುಂಪು ಇರೋದು ಮತ್ಯಾಕ? ಜಲ್ದಿ ಬರೀರಿ."

ಬರೆದೆ. ಗಾಡಿ ತಂದರೆ ಟಾಕಿ ಪುಕ್ಕಟೆ ಮುಂದಕ್ಕೆ ಸರಿಸಿಕೊಡುತ್ತೇನೆ, ಅಲ್ಲಿಯವರೆಗೆ ಅದನ್ನು ತುಂಬಬೇಡಿ ಎಂದೂ ಬರೆಸಿದರು. ಅಮರಾವತಿಯವರು ಮೂರನೇ ದಿನವೇ ಬಂದರು. ಕೊನೆಯ ಗಾಡಿ ಸಿಗಲು ವರ್ಷ ಹಿಡಿಯಿತು, ಅಲ್ಲಿಯವರೆಗೆ ಮೇಸ್ತ್ರಿಗೆ ಸಮಾಧಾನವಿರಲಿಲ್ಲ. ಆ ಬರಹದಿಂದ ಎರಡು ಹೊಸ ಕೆಲಸ ಕೈತಪ್ಪಿದವು, ಅವರು ಆ ಮಾತೇ ಎತ್ತಲಿಲ್ಲ. ಆದರೆ ಅದನ್ನೇ ಓದಿ ಬುಟಿಬೋರಿಯ ಬ್ಯಾಟರಿಯವನು ತಾನು ತಪ್ಪಾಗಿ ವೈರು ಎಳೆದ ಕತೆ ಬರೆದ. ಅವನ ಹಿಂದೆ ಗ್ಯಾಸ್ ಒಲೆಯವನು. ಜಾಹೀರಾತಿಗೆ ಬರುತ್ತಿದ್ದವರು ಮಾತಿಗೆ ಬಂದರು, ಗುಂಪು ಉಳಿಯಿತು.

ಕೆಲವು ವರ್ಷಗಳ ಮೇಲೆ ಮೇಸ್ತ್ರಿ ಎದೆನೋವಿನಿಂದ ತೀರಿಕೊಂಡರು. ಸುದ್ದಿ ಹಾಕಿದ ದಿನ ಎಲ್ಲರೂ ಟಾಕಿಯ ಆ ಬರಹವನ್ನೇ ನೆನೆದರು. ಅಂಥದ್ದನ್ನು ಅವರಿಂದ ಬರೆಸಿದಿರಲ್ಲ, ನಿಮ್ಮದು ದೊಡ್ಡ ಮನಸ್ಸು ಎಂದು ನನ್ನನ್ನೂ ಹೊಗಳಿದರು. ಓದಿ ನಾಚಿಕೆಯಾಯಿತು. ಕೂತು ನನ್ನ ಹೆಸರಿನಲ್ಲೇ ಬರೆದೆ: "ಬರೆಸಿದವರು ಅವರು. ಮುಚ್ಚಿಡೋಣ ಎಂದವಳು ನಾನು."